ಕೆಳಮನೆಯ ಲೇಡಿ ಹಾರ್ಲಿಂಗ್

ಕೆಜಾಯಾ ಪ್ಲಿಮರಳ ಅಪ್ಪ ಕೆಂಟ್ ಸೀಮೆಯಲ್ಲಿ ಹಂದಿ ಸಾಕುತ್ತಿದ್ದ. ಮಗಳು ಮಾತ್ರ ದೊಡ್ಡ ಬಂಗಲೆಗಳಲ್ಲಿ ಬಟ್ಲರನ ತೋಳು ಹಿಡಿದು ಊಟಕ್ಕೆ ಹೋಗುತ್ತಿದ್ದಳು. ಕೌಂಟೆಸ್ ಬಿರುದಿನ ಲೇಡಿ ಹಾರ್ಲಿಂಗ್ ಎಂಬ ದೊರೆಸಾನಿಗೆ ತಲೆ ಬಾಚಿ ಉಡುಪು ತೊಡಿಸುವ ಸೇವಕಿ ಅವಳು. ಒಡತಿಯೊಡನೆ ಯಾರದಾದರೂ ಬಂಗಲೆಗೆ ಹೋದರೆ, ಆಳುಗಳ ಊಟದ ಮನೆಯಲ್ಲಿ ಅವಳಿಗೂ ಒಡತಿಯದೇ ಹೆಸರು, ಒಡತಿಯದೇ ಸ್ಥಾನ. "ಲೇಡಿ ಹಾರ್ಲಿಂಗ್, ಇನ್ನೊಂದು ತುಂಡು ಮಾಂಸ?" ಎಂದು ಬಟ್ಲರ್ ಕೇಳಿದರೆ, ಹೊಟ್ಟೆ ಚುರುಗುಟ್ಟುತ್ತಿದ್ದರೂ ಕತ್ತು ಕೊಂಕಿಸಿ, "ಚೂರೇ ಚೂರು" ಎನ್ನುವಳು. ಅವಳ ನಂತರದ ಕುರ್ಚಿಯ 'ಲೇಡಿ ಕ್ರೋಮ್', ಅಂದರೆ ಲೇಡಿ ಕ್ರೋಮಳ ಸೇವಕಿ, ಹೊಟ್ಟೆಕಿಚ್ಚಿನಿಂದ ಉಪ್ಪಿನ ಬಟ್ಟಲನ್ನು ದೂರ ಸರಿಸುವಳು.

ಈ ಸುಖಕ್ಕೆ ಕಲ್ಲು ಬಿತ್ತು. ವಿಧವೆಯಾಗಿದ್ದ ಒಡತಿ ಸಾಬೂನು ಕಾರ್ಖಾನೆಯ ಬಾಡ್ಕಿನ್‌ನನ್ನು ಮದುವೆಯಾಗಲು ಹೊರಟಳು. ಅವನಿಗೆ ಹಣ ಬೇಕಾದಷ್ಟಿತ್ತು, ಬಿರುದು ಮಾತ್ರ ಇರಲಿಲ್ಲ. ಇನ್ನು ಹೆಂಡತಿಗೂ ಅವನ ಸ್ಥಾನವೇ, ಅವಳ ಸೇವಕಿಗೂ ಅದೇ.

"ಸಾಬೂನಿನವರಾ, ದೊರೆಸಾನಿ?"

"ಮನಸ್ಸು ಕೊಟ್ಟಾಯ್ತು ಕಣೇ."

"ಹಾಗಾದ್ರೆ ನಾನೆಲ್ಲಿ ಕೂತ್ಕೊಳ್ಲಿ?"

ಒಡತಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ.

ಕೆಜಾಯಾ ಸುಮ್ಮನಿರಲಿಲ್ಲ. ಬಾಡ್ಕಿನ್ ಬರುವ ದಿನ ಒಡತಿಯ ಕೂದಲನ್ನು ಬೇಕೆಂದೇ ಕಾಗೆಗೂಡಿನಂತೆ ಕಟ್ಟಿದಳು. ಆ ಪುಣ್ಯಾತ್ಮ, "ಇಷ್ಟು ಚೆಂದ ನಾನು ನೋಡೇ ಇಲ್ಲ" ಎಂದು ಕರಗಿಹೋದ. ಮದುವೆ ನಡೆದೇ ಹೋಯಿತು.

ಚಳಿಗಾಲಕ್ಕೆ ಮತ್ತದೇ ಬಂಗಲೆ, ಅದೇ ಊಟದ ಮನೆ. ಬಟ್ಲರ್ ತನ್ನ ತೋಳನ್ನು 'ಲೇಡಿ ಕ್ರೋಮ್'ಗೆ ಚಾಚಿದ. ಕೆಜಾಯಾಳ ಕಣ್ಣು ತುಂಬಿ ಬಂತು. ಹಾಳು ಸಾಬೂನು!

"ಮಿಸೆಸ್ ಬಾಡ್ಕಿನ್, ಆ ಕೊನೇಲಿ," ಎಂದ ಬಟ್ಲರ್. "ಮಿಸ್ಟರ್ ಬಾಡ್ಕಿನ್ ಪಕ್ಕ."

ಇಡೀ ಮೇಜು ಗೊಳ್ಳೆಂದಿತು. ಆ 'ಮಿಸ್ಟರ್ ಬಾಡ್ಕಿನ್', ಅಂದರೆ ಬಾಡ್ಕಿನ್‌ನ ಬೋಳುತಲೆಯ ಆಳು, ಎದ್ದು ಕುರ್ಚಿ ಎಳೆದುಕೊಟ್ಟ. "ಬಾರಮ್ಮ ಯಜಮಾನ್ತಿ. ನಮ್ಮ ಮದ್ವೆ ಯಾವಾಗಾಯ್ತೋ ನಂಗೇ ಗೊತ್ತಿಲ್ಲ."

"ಬಾಯ್ಮುಚ್ಚಿ! ಈ ಮೂಲೆಗೆ ಬರೋಷ್ಟರಲ್ಲಿ ಪಾತ್ರೆ ತಳ ಕಂಡಿರುತ್ತೆ."

"ಮಾಂಸ ತಳದಲ್ಲೇ ಅಲ್ವಾ ಇರೋದು?" ಸೌಟು ಆಡಿಸಿ ಅವಳ ತಟ್ಟೆಗೆ ಬಡಿಸಿದ. ಆಮೇಲೆ ದನಿ ತಗ್ಗಿಸಿದ. "ನಾನು ಈನಕ್ ಡಾಬ್. ನಿಮ್ಮ ನಿಜವಾದ ಹೆಸರೇನು?"

ಇಷ್ಟು ವರ್ಷ ಈ ಮೇಜಿನಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. "ಕೆಜಾಯಾ. ಹಂದಿ ಪ್ಲಿಮರನ ಮಗಳು."

"ಹಂದಿಯವ್ರಾ? ಕೊಬ್ಬಿಲ್ದೆ ಸಾಬೂನೆಲ್ಲಿಂದ ಬರ್ಬೇಕು? ನಾವು ಮೊದ್ಲಿಂದ್ಲೂ ನೆಂಟ್ರೇ ಬಿಡಿ!"

ಕೆಜಾಯಾ ಹಲ್ಲು ಕಾಣುವಂತೆ ನಕ್ಕುಬಿಟ್ಟಳು. ಮೇಜಿನ ಮೇಲ್ತುದಿಯಿಂದ 'ಲೇಡಿ ಕ್ರೋಮ್' ಬಗ್ಗಿ ನೋಡಿದಳು.

"ಇನ್ನೊಂದು ತುಂಡು?" ಎಂದ ಈನಕ್.

"ಎರಡು ಹಾಕಿ."