ಕಳಸದ ಬಸ್ಸಿನಲ್ಲಿ ಚೈತ್ರಳ ಪರೀಕ್ಷೆ

ಚಿಕ್ಕಮಗಳೂರಿನಿಂದ ಬೆಳಗಿನ ಬಸ್ಸಿಗೆ ಹೊರಟೆ. ವಸ್ತಾರೆ ದಾಟುವಾಗ ಬೆಳಕು ಹರಿದಿತ್ತು, ನನ್ನ ನಿದ್ದೆ ಮಾತ್ರ ಪೂರ್ತಿ ಬಿಟ್ಟಿರಲಿಲ್ಲ. ಮಳೆಗಾಲ ಹಿಂದೆ ಸರಿಯುವ ದಿನಗಳಲ್ಲಿ ಈ ರಸ್ತೆಯಲ್ಲಿ ಕೂತವರಿಗೆ ನಿದ್ದೆಯೂ ಅಲ್ಲದ ಎಚ್ಚರವೂ ಅಲ್ಲದ ಒಂದು ಸುಖ ಒದಗುತ್ತದೆ. ಕಾಫಿ ತೋಟಗಳ ಸಿಲ್ವರ್ ಮರಗಳು ಒಂದೊಂದಾಗಿ ಕಿಟಕಿಗೆ ಬಂದು ಇಣುಕಿ ಹಿಂದಕ್ಕೆ ಹೋಗುತ್ತಿದ್ದವು. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಆಧಾರ್ ತೋರಿಸಿ ಮೂಡಿಗೆರೆಗೆ ಬಂದೆ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಇಪ್ಪತ್ತು ಕಿಲೋಮೀಟರಿನಷ್ಟು ದೂರದ ಕೊಟ್ಟಿಗೆಹಾರದಲ್ಲಿ ಇಳಿದೆ. ಬಿಸಿ ನೀರುದೋಸೆ, ಕಾಯಿಚಟ್ನಿ ಹೊಟ್ಟೆಗೆ ಬಿದ್ದ ಮೇಲೆ ಲೋಕ ಸ್ವಲ್ಪ ನಿಜವೆನಿಸಿತು.

ನಾನು ಬಂದದ್ದು ಪರೀಕ್ಷೆ ಮಾಡುವುದಕ್ಕೆ. ಕಲಿಕೆ ನಿಧಾನವಾಗಿರುವ ಮಕ್ಕಳ ಪುಟ್ಟ ಶಾಲೆಯೊಂದು ಇಲ್ಲಿದೆ. ಎರಡು ಕೋಣೆ, ಹಿಂದೆ ಒಂದು ಹಾಸ್ಟೆಲ್. ಇಂಥದೇ ಕೆಲಸ ಮಾಡಿ ನಿವೃತ್ತಳಾದ ನನ್ನನ್ನು ವರ್ಷಕ್ಕೊಮ್ಮೆ ಪರೀಕ್ಷಕಿಯಾಗಿ ಕರೆಯುತ್ತಾರೆ. ಮುಖ್ಯ ಶಿಕ್ಷಕಿ ಶಾರದಾ ಹೋಟೆಲಿಗೇ ಬಂದು ಎದುರು ಕೂತರು. ಅಲ್ಲಿ ಓದುವವರಲ್ಲಿ ಹೆಚ್ಚಿನವರು ಎಸ್ಟೇಟಿನ ಲೈನು ಮನೆಗಳ ಕೂಲಿಯವರ ಮಕ್ಕಳು. ತೋಟದ ಲೆಕ್ಕ ಬರೆಯುವ ರೈಟರುಗಳ, ಸಣ್ಣ ಹಿಡುವಳಿದಾರರ ಮಕ್ಕಳು ಕೆಲವರು. ದೊಡ್ಡ ತೋಟದವರ ಮಕ್ಕಳು ಬೆರಳೆಣಿಕೆಯಷ್ಟು. ಅಂಕಗಳ ಕಥೆಯೇ ವಿಚಿತ್ರ ಎಂದರು ಶಾರದಾ. ಅಕ್ಷರ, ಲೆಕ್ಕದಲ್ಲಿ ತೋಟದ ಮನೆಯ ಮಕ್ಕಳು ಮುಂದೆ. ಅಂಗಡಿಗೆ ಹೋಗುವುದು, ಅನ್ನ ಮಾಡುವುದು, ಬಸ್ಸು ಹತ್ತುವುದು, ಇಂಥದರಲ್ಲಿ ಲೈನಿನ ಮಕ್ಕಳು ಅವರನ್ನು ಎಲ್ಲೋ ಬಿಟ್ಟು ಓಡುತ್ತಾರೆ. ಆ ಶಾಲೆಯಲ್ಲಿ ಕೊನೆಯ ಪರೀಕ್ಷೆಯೇ ಬಸ್ಸಿನದು. ಒಬ್ಬರೇ ಹತ್ತಬೇಕು, ಟಿಕೆಟ್ ತೆಗೆದುಕೊಳ್ಳಬೇಕು, ಸರಿಯಾದ ಊರಿನಲ್ಲಿ ಇಳಿಯಬೇಕು. ಯಾರ ನೆರವೂ ಇರಬಾರದು, ಊರು ಬಂತಾ ಎಂದು ಕೇಳಿದರೂ ನಪಾಸು.

ಈ ಸಲದ ಅಭ್ಯರ್ಥಿ ಚೈತ್ರ, ಇಪ್ಪತ್ತರ ಆಸುಪಾಸಿನ ಹುಡುಗಿ, ಗೋಣಿಬೀಡಿನ ಕಡೆಯ ಕಾಫಿ ಪ್ಲಾಂಟರ್ ಮಲ್ಲೇಶ ಗೌಡರ ಮಗಳು. ಓದು ಬರಹ ಚೆನ್ನಾಗಿತ್ತು, ಬಸ್ಸಿನಲ್ಲಿ ಮಾತ್ರ ಆಗಲೇ ಒಮ್ಮೆ ನಪಾಸು. ತಪ್ಪು ಅವಳದಲ್ಲ. ಗೋಣಿಬೀಡಿನ ಬಸ್ಸಿನಲ್ಲಿ ಕಂಡಕ್ಟರ್, ಇವಳು ಗೌಡರ ಮಗಳೆಂದು ಗುರುತು ಹಿಡಿದು, ಯಾರನ್ನೋ ಎಬ್ಬಿಸಿ ಸೀಟು ಕೊಟ್ಟು, ಟಿಕೆಟ್ಟೂ ಹರಿಯದೆ, ತೋಟದ ಗೇಟಿನೆದುರೇ ಬಸ್ಸು ನಿಲ್ಲಿಸಿ ಇಳಿಸಿಬಿಟ್ಟಿದ್ದ. ಅದಕ್ಕೇ ಈಗ ಅವಳ ಗುರುತು ಯಾರಿಗೂ ಇಲ್ಲದ ಕಳಸದ ದಾರಿ, ಇಳಿಯಬೇಕಾದದ್ದು ಹಿರೇಬೈಲಿನಲ್ಲಿ. ಅಲ್ಲಿ ಮೆಣಸು, ಜೇನು ಪ್ಯಾಕ್ ಮಾಡುವ ಕಡೆ ಇದೇ ಶಾಲೆಯ ಇಬ್ಬರು ಗೆಳತಿಯರು ಕೆಲಸಕ್ಕಿದ್ದಾರೆ, ಅವರ ಜೊತೆ ಸೇರಬೇಕೆಂದು ಚೈತ್ರ ಹಟ ಹಿಡಿದಿದ್ದಳು. ಪಾಸಾದರೆ ಹೋಗಲಿ, ಇಲ್ಲವಾದರೆ ಹಾಸ್ಟೆಲ್ ಬಿಡಿಸಿ ಮನೆಗೆ ಕರೆದೊಯ್ಯುತ್ತೇನೆ ಎಂದು ಗೌಡರು ಹೇಳಿದ್ದರಂತೆ.

ಖಾಸಗಿ ಬಸ್ಸು ಬಂತು. ನಾನ್ಯಾರೆಂದು ಚೈತ್ರಳಿಗೆ ಗೊತ್ತಿರಲಿಲ್ಲ. ಅವಳ ಹಿಂದಿನ ಸೀಟಿನಲ್ಲಿ ಕೂತೆ. ಅವಳು ಊರು ಹೇಳಿ, ನೋಟು ಕೊಟ್ಟು, ಚಿಲ್ಲರೆ ಎಣಿಸಿ ಚೀಲಕ್ಕೆ ಹಾಕಿದಳು. ಅರ್ಧ ಗೆದ್ದಂತೆ ಎಂದುಕೊಂಡೆ.

ಬಾಳೂರು ಕಳೆದ ಮೇಲೆ ಮಂಜು ಇಳಿಯಿತು. ಮೊದಲು ಗುಡ್ಡ ಹೋಯಿತು, ಆಮೇಲೆ ಕಾಫಿ ಗಿಡ, ಕಡೆಗೆ ರಸ್ತೆಯ ಅಂಚೂ ಹೋಯಿತು. ಬಸ್ಸು ನಿಂತಿದೆಯೋ ಚಲಿಸುತ್ತಿದೆಯೋ ತಿಳಿಯದು. ಒಳಗೆ ಎಲ್ಲರೂ ದನಿ ತಗ್ಗಿಸಿದ್ದರು, ತೊಟ್ಟಿಲಿನಲ್ಲಿ ಮಗು ಮಲಗಿದ ಮನೆಯ ಹಾಗೆ. ನನಗೆ ಹಾಯೆನಿಸಿತು, ಹೀಗೇ ಎಲ್ಲಿಗೂ ತಲುಪದೆ ಹೋಗುತ್ತಿರಬಾರದೇ ಎನಿಸಿತು. ಮರುಕ್ಷಣವೇ ಚೈತ್ರಳ ಬೆನ್ನು ಕಂಡು ಪರೀಕ್ಷೆ ನೆನಪಾಯಿತು. ಅವಳಿಗೆ ಕಲಿಸಿದ್ದ ಗುರುತುಗಳು ಒಂದು ಸೇತುವೆ, ಒಂದು ನೀಲಿ ಗೇಟು. ಎರಡನ್ನೂ ಮಂಜು ನುಂಗಿತ್ತು.

ಅವಳು ಕಿಟಕಿಯ ಗಾಜು ಒರೆಸಿದಳು, ಮತ್ತೆ ಒರೆಸಿದಳು. ಆಮೇಲೆ ನನ್ನ ಕಡೆಗೇ ತಿರುಗಿದಳು.

"ಆಂಟಿ, ಹಿರೇಬೈಲು ಬಂತಾ?"

ಗೊತ್ತಿಲ್ಲಮ್ಮ ಎಂದೆ. ಪುಣ್ಯಕ್ಕೆ ಅದು ಸುಳ್ಳಾಗಿರಲಿಲ್ಲ. ಅವಳು ಎದ್ದು, ಕಂಬಿ ಹಿಡಿದುಕೊಂಡು ಕಂಡಕ್ಟರನ ಹತ್ತಿರ ಹೋಗಿ ಅದನ್ನೇ ಕೇಳಿದಳು. ಅವನೂ ಹೊರಗೆ ಬಗ್ಗಿ ನೋಡಿ ಡ್ರೈವರನ್ನು ಕೇಳಿದ. ಡ್ರೈವರ್, ಇದೇ ಇರಬೇಕು ಮಾರಾಯ ಎನ್ನುತ್ತಾ ಬ್ರೇಕ್ ಹಾಕಿದ. ಚೈತ್ರ ಇಳಿದಳು, ಹಿಂದೆಯೇ ನಾನೂ ಇಳಿದೆ.

ಬಸ್ಸು ಹೊರಡುವಷ್ಟರಲ್ಲಿ ಹಿಂದಿನಿಂದ ಎರಡು ಹಳದಿ ದೀಪ ಬಂದವು. ಜೀಪಿನಿಂದ ಇಳಿದವರು ಮಫ್ಲರ್ ಸುತ್ತಿದ್ದ ಮಲ್ಲೇಶ ಗೌಡರು. ಮಗಳಿಗೆ ಗೊತ್ತಿಲ್ಲದ ಹಾಗೆ ಕೊಟ್ಟಿಗೆಹಾರದಿಂದ ಬಸ್ಸಿನ ಹಿಂದಿನ ಕೆಂಪು ದೀಪ ನೋಡಿಕೊಂಡೇ ಬಂದಿದ್ದರು. ನಾನು ಪರೀಕ್ಷಕಿಯೆಂದು ತಿಳಿದಾಗ, ಅವಳು ಯಾರನ್ನಾದರೂ ಕೇಳಿದಳೇ ಎಂದು ವಿಚಾರಿಸಿದರು. ಕೇಳಿದಳು ಎಂದೆ, ಇನ್ನೇನು ಹೇಳಲಿ. ಅವರ ಮುಖ ಹಗುರವಾಯಿತು. ಅದು ಗೆದ್ದ ಸಂತೋಷವಲ್ಲ, ಮಗಳು ಮನೆಗೆ ಬರುತ್ತಾಳೆಂಬ ನೆಮ್ಮದಿ; ಅದನ್ನು ನೋಡಿ ನನಗೆ ಸಿಟ್ಟೂ ಬಂತು, ಕನಿಕರವೂ ಆಯಿತು.

"ಸಾಕು ಪುಟ್ಟಿ, ಜೀಪ್ ಹತ್ತು. ಈ ಮಂಜಲ್ಲಿ ಸಂಜೆ ಹೆಂಗೆ ವಾಪಸ್ ಬರ್ತೀಯ?"

"ಬಸ್ಸಲ್ಲಿ ಅಪ್ಪ. ಗೊತ್ತಾಗ್ಲಿಲ್ಲ ಅಂದ್ರೆ ಕೇಳ್ತೀನಿ."

ಅಷ್ಟರಲ್ಲಿ ಮಂಜಿನೊಳಗಿಂದ ಯಾರೋ ಅವಳ ಹೆಸರು ಕೂಗಿದರು. ಕಾಯುತ್ತಿದ್ದ ಗೆಳತಿಯರು. ಇವತ್ತೊಂದು ದಿನ ಅವರ ಜೊತೆ ಇರಲಿ ಗೌಡ್ರೇ ಎಂದೆ. ಅವರು ಬೇಡವೆನ್ನಲಿಲ್ಲ. ಚೈತ್ರ ನಡೆದಳು, ಕೆಂಪು ದುಪಟ್ಟಾ ಸ್ವಲ್ಪ ಹೊತ್ತು ಕಂಡು, ಬಿಳಿಯಲ್ಲಿ ಕರಗಿತು. ನಗು ಮಾತ್ರ ಆಮೇಲೂ ಕೇಳಿಸುತ್ತಿತ್ತು.

ಕೊಟ್ಟಿಗೆಹಾರದವರೆಗೆ ಬಿಡುತ್ತೇನೆಂದು ಗೌಡರು ನನ್ನನ್ನು ಜೀಪಿಗೆ ಹತ್ತಿಸಿಕೊಂಡರು. ಈಗ ಮುಂದೆ ಯಾವ ಬಸ್ಸೂ ಇರಲಿಲ್ಲ. ಸ್ಟೇರಿಂಗಿಗೆ ಎದೆ ತಾಗುವಷ್ಟು ಬಗ್ಗಿ ತೆವಳಿಕೊಂಡು ಓಡಿಸಿದರು. ಒಂದು ಕಡೆ ರಸ್ತೆ ಎರಡಾಗಿ ಕವಲೊಡೆದಿತ್ತು. ಜೀಪು ನಿಲ್ಲಿಸಿದರು, ಆ ಕಡೆ ನೋಡಿದರು, ಈ ಕಡೆ ನೋಡಿದರು. ಕಂಬಳಿ ಹೊದ್ದು ನಡೆದು ಬರುತ್ತಿದ್ದವನೊಬ್ಬ ಸಿಕ್ಕಿದ. ಗೌಡರು ಗಾಜು ಇಳಿಸಿ, ಕೊಟ್ಟಿಗೆಹಾರಕ್ಕೆ ಯಾವುದು ಮಾರಾಯ ಎಂದು ಕೇಳಿದರು. ಅವನು ಕೈ ತೋರಿಸಿದ.

ಗೌಡರು ಗಾಜು ಏರಿಸಿದರು. ಗೇರ್ ಹಾಕಲಿಲ್ಲ. ಕೈ ಸ್ಟೇರಿಂಗಿನ ಮೇಲೆ ಹಾಗೇ ಇತ್ತು.

"ಪಾಸ್ ಅಂತ ಬರ್ಕೊಳ್ಳಿ ಮೇಡಂ" ಎಂದರು.