ಜಮಾದಾರ ಮುತ್ಯಾ

ಬೊರಿವಲಿಯ ನಮ್ಮ ಬಿಲ್ಡಿಂಗಿನ ಮನೆಗಳಿಗೆ ರೊಟ್ಟಿ ಬಡಿದುಕೊಡುವ ಲಕ್ಷ್ಮವ್ವ ಇಂಡಿ ಕಡೆಯವಳು. ಕೈ ರೊಟ್ಟಿ ಬಡಿಯುತ್ತಿದ್ದರೆ ಬಾಯಿ ಗಂಡನ ಮುತ್ತಜ್ಜ ಶೆಟ್ಟೆಪ್ಪನ ಕಥೆ ಹೇಳುತ್ತಿರುತ್ತದೆ. ಆಕೆಗೆ ಅವನು ‘ಮುತ್ಯಾ’. ಬ್ರಿಟಿಷರ ದಂಡಿನಲ್ಲಿ ಜಮಾದಾರನಾಗಿದ್ದನಂತೆ. ಗಡಿಯ ಬೆಟ್ಟದಲ್ಲಿ ಗುಂಡು ಹಾರುವಾಗ ಎಲ್ಲರೂ ಹಿಂದೆ ಸರಿದರೂ, ಒಬ್ಬನೇ ವಾಪಸು ಹೋಗಿ ಗಾಯಗೊಂಡ ಸಿಪಾಯಿಯನ್ನು ಹೊತ್ತು ತಂದನಂತೆ.

ಲಕ್ಷ್ಮವ್ವನ ಮಗ ಸುಭಾಷ ಲಿಫ್ಟ್ ಮೆಕ್ಯಾನಿಕ್, ಇಲ್ಲೇ ಹುಟ್ಟಿ ಬೆಳೆದವನು. ಮುಂಬಯಿಯಲ್ಲಿ ಜಮಾದಾರ ಎಂದರೆ ಕಸ ಗುಡಿಸುವವನು. "ಅವ್ವಾ, ಮುತ್ಯಾ ಝಾಡೂ ಹೊಡೀತಿದ್ದ, ಅಷ್ಟ. ಬಸ್ ಕರ್, ಸಾಕ ಮಾಡು" ಎಂದು ನಗುತ್ತಿದ್ದ. ಕಸ ಗುಡಿಸುವುದೇನು ಕಳ್ಳತನವೇ? ಆದರೆ ಮಗ ತನ್ನ ಮಾತನ್ನೇ ಸುಳ್ಳು ಮಾಡಿದನಲ್ಲ ಎಂಬುದು ಆಕೆಯ ಸಂಕಟ.

ಹಿರಿಯರ ಅಮಾವಾಸ್ಯೆಗೆ ನನ್ನನ್ನು ತಮ್ಮ ಚಾಳಿನ ಮನೆಗೆ ಕರೆದಳು.

"ಅಕ್ಕಾರ, ನೀವು ಫೋರ್ಟಿನ ಬ್ಯಾಂಕಿನ್ಯಾಗ ಇರೋರು. ಮುತ್ಯಾನ ಬಿಲ್ಲಿ ಮ್ಯಾಲ ಏನ ಬರದೈತಿ, ನಮ್ಮ ಸುಭಾಷಗ ಓದಿ ಹೇಳ್ರಿ."

ನನಗೋ ಮೊದಲೇ ಮೂಗು ತೂರಿಸುವ ಚಟ, ಓಡಿದೆ.

ಅವರ ಕಡೆ ತೀರಿಕೊಂಡ ಹಿರಿಯರ ಮುಖವನ್ನು ಬೆಳ್ಳಿಯಲ್ಲಿ ಮೂಡಿಸಿ ದೇವರ ಜಗಲಿಯ ಮೇಲಿಡುತ್ತಾರೆ. ಆ ಸಾಲಿನಲ್ಲೇ ಒಂದು ದುಂಡನೆಯ ಬಿಲ್ಲೆ. ಗಡ್ಡದ ಮುಖ, ಹಣೆಗೆ ಕುಂಕುಮ, ಎದುರಿಗೆ ಹೋಳಿಗೆಯ ಎಡೆ. ಎತ್ತಿ ನೋಡಿದರೆ ತಲೆಯ ಮೇಲೆ ಕಿರೀಟ. ಅದು ಇಂಗ್ಲೆಂಡಿನ ದೊರೆಯ ಮುಖ. ಹುಣಸೆಹಣ್ಣಿನಿಂದ ಉಜ್ಜಿ ಉಜ್ಜಿ ಅವನ ಮೂಗು ನಮ್ಮವರ ಮೂಗಿನಂತೆಯೇ ಆಗಿಬಿಟ್ಟಿತ್ತು.

ಮುತ್ಯಾನದೆಂದು ಈ ಮನೆಯಲ್ಲಿರುವುದು ಇದೊಂದೇ ಮುಖ. ಹೇಳಲೋ ಬೇಡವೋ ಎಂದು ಬಿಲ್ಲೆ ತಿರುಗಿಸುತ್ತಿದ್ದಾಗ ಅಂಚಿನಲ್ಲಿ ಸಣ್ಣ ಅಕ್ಷರಗಳು ಬೆರಳಿಗೆ ತಾಗಿದವು. ಸುಭಾಷನ ಕೈಗೇ ಕೊಟ್ಟೆ. ಮೊಬೈಲಿನ ಟಾರ್ಚ್ ಹಿಡಿದು ಇಂಗ್ಲಿಷಿನಲ್ಲಿದ್ದುದನ್ನು ತಡವರಿಸಿ ಓದಿದ.

"ಜಮಾದಾರ್ ಶೆಟ್ಟೆಪ್ಪ."

ಪಕ್ಕದಲ್ಲಿ ಪಲ್ಟನ್ನಿನ ಹೆಸರಿತ್ತು. "ಇದು ಸೈನ್ಯದ ಪದಕ ಕಣಪ್ಪ. ದಂಡಿನಲ್ಲಿ ಜಮಾದಾರ ಅಂದ್ರೆ ಅಧಿಕಾರಿ" ಎಂದೆ. ಅವನು ಈಗ ನಗಲಿಲ್ಲ.

"ಮತ್ತ ಈ ಮುಖ ಯಾರದ್ರಿ, ಆಂಟಿ?"

ಹೇಳಲೇಬೇಕಾಯಿತು.

ಲಕ್ಷ್ಮವ್ವ ಬಿಲ್ಲೆಯನ್ನು ಕೈಗೆ ತೆಗೆದುಕೊಂಡು ನೋಡಿದಳು. "ಹಂಗಾರ ಇಷ್ಟ ವರ್ಷ ಹೋಳಿಗಿ ತಿಂದಾವ ಆ ರಾಜಾ ಏನ್ರಿ?" ಎಂದಳು. ಆಕೆಗೆ ನಗು ಬಂತು, ಜೊತೆಗೆ ಕಣ್ಣೀರೂ ಬಂತು. ಸೆರಗಿನಿಂದ ದೊರೆಯ ಹಣೆಯ ಕುಂಕುಮ ಒರೆಸಿದಳು.

"ಮುತ್ಯಾನ ಹೆಸರ ಎಲ್ಲೈತಿ, ತೋರ್ಸಪಾ."

ಸುಭಾಷ ತಾಯಿಯ ಬೆರಳು ಹಿಡಿದು ಅಂಚಿನ ಮೇಲಿಟ್ಟ. ಆಮೇಲೆ ಕುಂಕುಮದ ಬಟ್ಟಲು ಎಳೆದುಕೊಂಡು ಅಲ್ಲಿ ತಾನೇ ಹಚ್ಚಿದ.