ಡ್ರೈವರನ ದನಿಗೆ ಕಾದ ಸಂಜೆ

ನನ್ನ ತಂಗಿ ಮೆಚ್ಚಿದ್ದು ಧಾರಾವಾಹಿಯ ಹೀರೋನನ್ನಲ್ಲ, ಅವನ ಮನೆಯ ಡ್ರೈವರನನ್ನು. ಮೊದಮೊದಲು ಅವನಿಗೆ ಮಾತೇ ಇರಲಿಲ್ಲ. ಕಾರಿನ ಬಾಗಿಲು ತೆಗೆದು ಪಕ್ಕಕ್ಕೆ ನಿಲ್ಲುತ್ತಿದ್ದ, ಅಷ್ಟೇ. ಅದು ಹೇಗೋ, ಮಸ್ಕಿಯಿಂದ ಲಿಂಗಸುಗೂರಿನ ಕಾಲೇಜಿಗೆ ಬಸ್ಸಿನಲ್ಲಿ ಹೋಗುವ ಹುಡುಗಿಯರೆಲ್ಲ ಅವನಿಗೆ ಮರುಳಾದರು. ಯಾರ ಮೊಬೈಲು ನೋಡಿದರೂ ಅವನದೇ ಫೋಟೊ. ಆಮೇಲಾಮೇಲೆ ಅವನಿಗೂ ಒಂದೆರಡು ಮಾತು ಸಿಕ್ಕವು.

“ಕಾರ್ ಒರಸಾಂವನ್ನ ನೋಡಿ ಹಲ್ಲ ಕಿಸೀತಿಯಲ್ಲಬೇ, ಹೀರೋ ಕಣ್ಣಿಗೆ ಕಾಣಂಗಿಲ್ಲೇನು?” ಎಂದು ಅವ್ವ ಅವಳನ್ನು ಛೇಡಿಸುತ್ತಿದ್ದಳು.

“ಹೀರೋನ್ನ ನೋಡಾಕ ಊರೇ ಐತಿ. ಇಂವನ್ನ ನಾವ ನೋಡಬೇಕು. ಸುಮ್ಮಕಿರು ಯವ್ವಾ, ಮಾತಾಡಾಕತ್ತಾನ!”

ಮಳೆಗಾಲದಲ್ಲಿ ಅವಳಿಗೆ ಜ್ವರ ಬಂತು. ಸಿಂಧನೂರಿನ ಆಸ್ಪತ್ರೆಯೊಳಗೆ ನಡೆದುಕೊಂಡೇ ಹೋದಳು. ಬಿಳಿ ಬಟ್ಟೆ ಸುತ್ತಿ ಊರಿಗೆ ತರುವಾಗ ಅಪ್ಪ, ನಾನು ಅವಳ ಅತ್ತಿತ್ತ ಕೂತಿದ್ದೆವು. ಇಬ್ಬರೂ ಅವಳ ಮುಖ ನೋಡಲಿಲ್ಲ.

ಅದೇ ವರ್ಷ ಹಿರಿಯರ ಹಬ್ಬದ ಅಮಾವಾಸ್ಯೆ. ತೀರಿಕೊಂಡವರಿಗೆ ಹೊಸ ಬಟ್ಟೆ, ಇಷ್ಟದ ಅಡುಗೆ ಎಡೆಯಿಟ್ಟು ನಾವು ಬಾಗಿಲು ಮುಚ್ಚುತ್ತೇವೆ. ಅವರು ಬಂದು ಉಂಡ ಮೇಲೆಯೇ ಮನೆಯವರ ಊಟ. ಬಾಗಿಲು ತೆರೆಯುವ ಮುಂಚೆ ಕೆಮ್ಮಬೇಕು, ಕೂತವರು ಎದ್ದು ಹೋಗಲಿ ಎಂದು.

ಅವ್ವ ಮಧ್ಯಾಹ್ನ ಎಡೆ ಇಡಗೊಡಲಿಲ್ಲ. ಸಂಜೆ ಇಟ್ಟಳು, ಅದೂ ದೇವರ ಮುಂದಲ್ಲ, ಟಿವಿಯ ಮುಂದೆ. ಹೋಳಿಗೆಯ ಪಕ್ಕದಲ್ಲಿ ತಂಗಿಗಿಷ್ಟದ, ಮಂಡಕ್ಕಿ ನೆನೆಸಿ ಕಲಸಿದ ಮಂಡಾಳ ಒಗ್ಗರಣೆ, ಮಿರ್ಚಿ.

“ಟಿವಿ ಮುಂದ ಎಡಿ ಇಡತಾರೇನ? ಮಂದಿ ನಗತಾರ,” ಎಂದ ಅಪ್ಪ.

“ನಗಲಿ ಬಿಡ್ರಿ. ಅಕಿ ಎಲ್ಲಿ ಕುಂದ್ರತಿದ್ಲೋ ಅಲ್ಲೇ ಇಟ್ಟೀನಿ. ಅಂವನ ದನಿ ಕೇಳಿದ್ರ ಬರತಾಳ.”

ಧಾರಾವಾಹಿ ಶುರುವಾದೊಡನೆ ದನಿ ಜೋರು ಮಾಡಿ ಬಾಗಿಲೆಳೆದುಕೊಂಡಳು. ಮೂವರೂ ಹೊರಗೆ ಗೋಡೆಗೆ ಒರಗಿ ಕೂತೆವು. ಒಳಗೆ ಅತ್ತೆ ಬೈದಳು, ಸೊಸೆ ಅತ್ತಳು. ಡ್ರೈವರನ ದನಿ ಮಾತ್ರ ಬರಲಿಲ್ಲ. ಜಾಹೀರಾತು ಬಂತು, ಕೊನೆಯ ಹಾಡೂ ಮುಗಿಯಿತು.

“ಬಾಗ್ಲ ತೆಗಿ,” ಎಂದ ಅಪ್ಪ. “ಮುಂಜಾಲಿಂದ ನೀರ ಸೈತ ಕುಡದಿಲ್ಲ ನೀ.”

“ಅಂವ ಬಂದಿಲ್ಲ. ಅಕಿನೂ ಬಂದಿಲ್ಲ. ನಾಳಿ ಸೀರಿಯಲ್ ಬರೂತನಕ ಬಾಗ್ಲ ಹಂಗ ಇರಲಿ.”

ತಂಗಿ ಹೋದಾಗಿನಿಂದ ಅವ್ವ ಹೊಟ್ಟೆತುಂಬ ಉಂಡಿರಲಿಲ್ಲ.

“ಬಂದಿದ್ನಬೇ,” ಎಂದೆ ನಾನು. “ಸಣ್ಣಗ ಮಾತಾಡಿದ. ನಿನಗ ಕೇಳಿಸಿಲ್ಲ.”

“ಏನಂದ?”

ಅವನು ಯಾವಾಗಲೂ ಹೇಳುವ ಮಾತೇ ಬಾಯಿಗೆ ಬಂತು. “ಗಾಡಿ ತಯಾರೈತ್ರಿ, ಹೋಗೂಣ ಬರ್ರಿ ಅಂದ.”

ಅವ್ವ ನನ್ನನ್ನೇ ನೋಡಿದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡಳು.

“ಹಂಗಾರ ಅಂವನ ಜೋಡಿ ಹೋಗಿರತಾಳ.”

ಕೆಮ್ಮಿ ಬಾಗಿಲು ತೆರೆದಳು. ಆರಿದ ಮಿರ್ಚಿಯನ್ನು ಮುರಿದು ಅಲ್ಲೇ ಕೂತು ಉಂಡಳು. ನನಗೂ ಬಡಿಸಿದಳು. ಅವ್ವನಿಗಾಗಿ ಉಂಡೆ. ಅವ್ವನ ಪಾಲಿಗೆ ಮಗಳು ಅವತ್ತು ಹೋದಳು. ಡ್ರೈವರ್ ಮಾತಾಡಲೇ ಇಲ್ಲ, ನನ್ನ ತಂಗಿಗೆ ಯಾರೂ ಹೋಗೆಂದು ಹೇಳಲಿಲ್ಲ ಎಂಬುದು ನನಗೊಬ್ಬಳಿಗೇ ಗೊತ್ತು. ಅದಕ್ಕೇ ಇವತ್ತಿಗೂ ಆ ಟಿವಿ ಕೋಣೆಯ ಬಾಗಿಲು ತೆರೆದೇ ಇದ್ದರೂ, ಕೆಮ್ಮದೆ ಒಳಗೆ ಕಾಲಿಡಲು ನನ್ನಿಂದಾಗುವುದಿಲ್ಲ.